ಮರಿಕೋಣೆಯ ಮೇಸ್ತ್ರಿ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಡುವ ಲಕ್ಷಣ ಕಾಣಲಿಲ್ಲ. ನಮ್ಮ ಕಟ್ಟಡದ ನೆಲಮಹಡಿಗೆ ಮೊಣಕಾಲುದ್ದ ನೀರು ನುಗ್ಗಿತು. ಮೀಟರ್ ಬೋರ್ಡಿನಲ್ಲಿ ಚಟಚಟ ಎಂದು ಏನೋ ಸುಟ್ಟು ಕರೆಂಟು ಹೋಯಿತು. ಲಿಫ್ಟು ಮಹಡಿಗಳ ನಡುವೆ ಎಲ್ಲೋ ಖಾಲಿಯಾಗಿ ಸಿಕ್ಕಿಕೊಂಡಿತು. ಕೆಳಗಿನ ಮನೆಗಳವರು ಚಾಪೆ, ದಿಂಬು, ಹಾಲಿನ ಪಾತ್ರೆ ಹೊತ್ತುಕೊಂಡು ಎರಡನೇ ಮಹಡಿಯ ಮೆಟ್ಟಿಲ ಮೊಗಸಾಲೆಗೆ ಬಂದು ಕೂತರು. ಮೇಲಿನವರು ಕುತೂಹಲಕ್ಕೋ ಕರುಣೆಗೋ ಒಬ್ಬೊಬ್ಬರಾಗಿ ಇಳಿದು ಬಂದರು. ನಾನೂ, ಕೂಸನ್ನು ಹೆಗಲಿಗೆ ಹಾಕಿಕೊಂಡ ನನ್ನ ಹೆಂಡತಿಯೂ ಬ್ಯಾಟರಿ ದೀಪ ತಂದಿಟ್ಟೆವು. ಕೆಳಮನೆಯ ಟೈಲರ್ ತನ್ನ ಹೊಲಿಗೆ ಯಂತ್ರವನ್ನು ಮೆಟ್ಟಿಲ ಮೇಲೆ ಎಳೆದು ತಂದು ಅದಕ್ಕೇ ಒರಗಿಕೊಂಡು ಏದುಸಿರು ಬಿಡುತ್ತಿದ್ದ. ಪಕ್ಕದ ಮನೆಯ ಟೀಚರ್ ಎಲ್ಲರಿಗೂ ಲೋಟದಲ್ಲಿ ಚಹಾ ಹಂಚಿದರು.

ಮೂರನೇ ಮಹಡಿಯ ಅಜ್ಜಿ ಇಳಿದು ಬಂದಾಗ ಮಾತ್ರ ಎಲ್ಲರ ಮಾತೂ ಒಮ್ಮೆಗೇ ನಿಂತಿತು. ಆಕೆ ಯಾರೊಂದಿಗೂ ಬೆರೆಯುವವರಲ್ಲ. ನೀರಿನ ಮೋಟರು, ಕಸದ ಡಬ್ಬ, ಗಾಡಿ ನಿಲ್ಲಿಸುವ ಜಾಗ, ಹೀಗೆ ಒಂದಲ್ಲ ಒಂದು ವಿಷಯಕ್ಕೆ ಅಲ್ಲಿದ್ದ ಪ್ರತಿಯೊಬ್ಬರ ಜೊತೆಗೂ ಜಗಳವಾಡಿ ಗೆದ್ದವರು. ಬೆನ್ನ ಹಿಂದೆ ನಾವು ಆಕೆಯನ್ನು ಸೂಪರ್‌ವೈಸರ್ ಎನ್ನುತ್ತಿದ್ದೆವು. ತನ್ನದೇ ಸ್ಟೂಲು ತಂದು, ಗೋಡೆಗೆ ಬೆನ್ನು ಕೊಟ್ಟು, ಯಾರನ್ನೂ ಮಾತಾಡಿಸದೆ ಕೂತರು.

ಅಷ್ಟರಲ್ಲಿ ಕೆಳಗಿನ ನೀರಿನಿಂದ ತೋಯ್ದ ಇಲಿಯೊಂದು ಮೆಟ್ಟಿಲು ಹತ್ತಿ ನಮ್ಮ ನಡುವೆಯೇ ಬಂತು. ಹೆಂಗಸರು ಕಿರುಚಿ ಕಾಲು ಮೇಲಕ್ಕೆತ್ತಿಕೊಂಡರು. ಟೈಲರ್ ಚಪ್ಪಲಿ ಎತ್ತಿದ. "ಇಳಿಸು ಅದನ್ನ," ಎಂದರು ಅಜ್ಜಿ. ಹೆಗಲ ಮೇಲಿದ್ದ ಟವೆಲನ್ನು ಇಲಿಯ ಮೇಲೆ ಹಾಕಿ, ಬಗ್ಗಿ, ಎರಡೂ ಕೈಯಲ್ಲಿ ಬೊಗಸೆ ಮಾಡಿ ಎತ್ತಿಕೊಂಡರು. ಅದು ಕಚ್ಚಲಿಲ್ಲ, ಕೊಸರಾಡಲಿಲ್ಲ. ಕಿಟಕಿಯ ಹೊರಗಿನ ಪೈಪಿನ ಮೇಲೆ ಬಿಟ್ಟು ಬಂದು ಮತ್ತೆ ಕೂತರು.

"ಇಲಿ ಕಂಡ್ರೆ ನಿಮಗೆ ಭಯ," ಎಂದರು ಕೈ ಒರೆಸಿಕೊಳ್ಳುತ್ತ. "ನಾನು ಇಲಿಗಳ ಮಧ್ಯೇನೇ ದುಡಿದು ಮುದುಕಿ ಆದೋಳು. ನನಗೆ ಇಲಿ ಭಯ ಇಲ್ಲ. ಇಲಿಗಳು ಯಾರನ್ನ ಕಂಡು ಹೆದರ್ತಿದ್ವೋ, ಅವನ ಭಯ."

"ಯಾರು ಅಜ್ಜಿ ಅವನು?" ಟೀಚರ್ ಕೇಳಿದರು.

"ಹೇಳ್ತೀನಿ. ಮಳೆ ನಿಲ್ಲಲ್ಲ, ನಿಮಗೂ ಹೋಗೋಕೆ ಬೇರೆ ಜಾಗ ಇಲ್ಲ. ಆದ್ರೆ ಮಧ್ಯೆ ಬಾಯಿ ಹಾಕಿದ್ರೆ ಎದ್ದು ಹೋಗ್ತೀನಿ. ಕೊನೇಲಿ 'ಇದೆಲ್ಲ ನಿಜಾನಾ' ಅಂತ ಕೇಳೋರಿದ್ರೆ ಈಗ್ಲೇ ಎದ್ದು ಹೋಗಲಿ."

ಯಾರೂ ಏಳಲಿಲ್ಲ. ಆಕೆ ದೀಪದ ಕಡೆಯಿಂದ ಮುಖ ತಿರುಗಿಸಿಕೊಂಡು ಶುರು ಮಾಡಿದರು.

"ನಾನು ಕೆಲಸ ಮಾಡ್ತಿದ್ದಿದ್ದು ಔಷಧಿ ಕಂಡುಹಿಡಿಯೋ ಒಂದು ಲ್ಯಾಬಲ್ಲಿ. ಪ್ರಾಣಿ ವಿಭಾಗದ ಸೀನಿಯರ್ ಟೆಕ್ನೀಷಿಯನ್ನು. ದೊಡ್ಡ ಹೆಸರು, ಅಲ್ವಾ? ಕೆಲಸ ಏನು ಗೊತ್ತಾ... ಬಾಣಂತನ ಮಾಡೋದು. ಇಲಿಗಳ ಬಾಣಂತನ! ಮರಿಕೋಣೆ ಅಂತಿದ್ವಿ ನಾವು ಅದನ್ನ. ಬಸುರಿ ಇಲಿ, ಹೆತ್ತ ಇಲಿ, ಹಾಲು ಕುಡಿಯೋ ಮರಿ, ಇವಕ್ಕೇ ಅಂತ ಇದ್ದ ಕೋಣೆ. ಕಿಟಕಿ ಇಲ್ಲ, ಹಗಲು ರಾತ್ರಿ ಅನ್ನೋದೆಲ್ಲ ಒಂದು ಸ್ವಿಚ್ಚಿನ ಕೈಲಿ. ಒಳಗೆ ಹೋಗೋ ಮುಂಚೆ ಮೈಮೇಲಿದ್ದಿದ್ದೆಲ್ಲ ಬಿಚ್ಚಿಟ್ಟು, ಸ್ನಾನ ಮಾಡಿ, ಅವರು ಕೊಟ್ಟ ಗೌನು, ಟೋಪಿ, ಮಾಸ್ಕು, ಗ್ಲೌಸು ಹಾಕ್ಕೊಂಡು, ಎರಡು ಬಾಗಿಲು ದಾಟಬೇಕು, ಒಂದು ಮುಚ್ಚೋ ತನಕ ಇನ್ನೊಂದು ತೆಗೆಯೋ ಹಾಗಿಲ್ಲ. ಸೋಪಿಗೂ ವಾಸನೆ ಇರಬಾರದು. ಹೂವು, ಸೆಂಟು ಮಾತೇ ಇಲ್ಲ. ಕಣ್ಣು ಬಿಟ್ರೆ ಮೈಯಲ್ಲಿ ಯಾವ ಭಾಗಾನೂ ಕಾಣ್ತಿರಲಿಲ್ಲ ನಮ್ಮದು.

"ಒಳಗೆ ಸಾಲುಸಾಲು ಉಕ್ಕಿನ ಸ್ಟ್ಯಾಂಡು, ಸ್ಟ್ಯಾಂಡಿನ ತುಂಬ ಗಾಜಿನ ಥರ ಕಾಣೋ ಪ್ಲಾಸ್ಟಿಕ್ ಪೆಟ್ಟಿಗೆ, ಒಂದೊಂದು ಪೆಟ್ಟಿಗೇಲೂ ಮರದ ಹೊಟ್ಟು, ಒಂದು ಹಿಡಿ ಹತ್ತಿ. ಆ ಹತ್ತೀನ ತಾಯಿ ಎಳೆದೆಳೆದು ಮೂಲೇಲಿ ಗೂಡು ಕಟ್ಕೊಳ್ಳೋದು. ಹುಟ್ಟಿದ ಮರೀನ ನೀವು ನೋಡಿಲ್ಲ ಬಿಡಿ... ಕಡಲೆಬೀಜದಷ್ಟು, ಕೆಂಪಗೆ, ಕೂದಲಿಲ್ಲ, ಕಣ್ಣು ತೆರೆದಿಲ್ಲ. ಹಾಲು ಕುಡಿದಿದ್ರೆ ಹೊಟ್ಟೆ ಚರ್ಮದ ಒಳಗಿಂದ ಬೆಳ್ಳಗೆ ಕಾಣೋದು. ಬೆಳಿಗ್ಗೆ ಹೋದ ಕೂಡಲೇ ನಾನು ಹುಡುಕ್ತಿದ್ದಿದ್ದು ಆ ಬಿಳಿ ಚುಕ್ಕೇನೇ. ಅದು ಕಂಡ್ರೆ ಆ ದಿನ ನನಗೆ ಊಟ ಸೇರೋದು.

"ಇನ್ನೊಂದು, ಸದ್ದು. ಆ ಕೋಣೇಲಿ ಯಾವಾಗ್ಲೂ ಒಂದು ಸದ್ದು ಇರ್ತಿತ್ತು. ಹೊಟ್ಟು ಕೆದಕೋದು, ಕಾಳು ಕಡಿಯೋದು, ನೀರಿನ ನಳಿಗೆ ಹಲ್ಲು ತಾಗೋದು, ಎಲ್ಲ ಸೇರಿ ಪಕ್ಕದ ರೂಮಲ್ಲಿ ಯಾರೋ ಕಾಗದ ಮುದುರ್ತಾ ಕೂತ ಹಾಗೆ. ಹೊಸಬರಿಗೆ ಕಿರಿಕಿರಿ. ನಮಗೆ ಅದು ನಿಂತ್ರೆ ಕಿರಿಕಿರಿ.

"ನನಗಿಂತ ಮೊದ್ಲು ಆ ಕೋಣೆ ಒಬ್ಬ ಗಂಡಸಿನ ಕೈಯಲ್ಲಿತ್ತು. ಅವನ ಹೆಸರು ಹೇಳೋಕೆ ನನ್ನ ನಾಲಿಗೆ ಏಳಲ್ಲ. ಎಲ್ಲರೂ ಮೇಸ್ತ್ರಿ ಅಂತಿದ್ರು, ನಾನೂ ಹಾಗೇ ಅಂತೀನಿ. ಆಳು ಬಾಗಿಲಷ್ಟೆತ್ತರ, ಕೈ ಒಂದೊಂದೂ ಸಲಿಕೆ ಇದ್ದ ಹಾಗೆ. ಆ ಕೈಯಲ್ಲಿ ಬಾಲ ಹಿಡಿದು ಎತ್ತಿ, ಒದ್ದೆ ಬಟ್ಟೆ ಒದರೋ ಹಾಗೆ ಒದರಿ ಇನ್ನೊಂದು ಪೆಟ್ಟಿಗೆಗೆ ಎಸೆಯೋನು. ಅಂಗೈಯಲ್ಲಿ ಎತ್ತು ಮಾರಾಯ ಅಂದ್ರೆ, 'ಇವೇನು ನಿನ್ನ ಹೊಟ್ಟೇಲಿ ಹುಟ್ಟಿದ್ವಾ?' ಅನ್ನೋನು. ಅವನ ಕಾಲದಲ್ಲಿ ಮರಿ ಉಳೀತಿದ್ದಿದ್ದೇ ಅಪರೂಪ. ಇಲಿ ತಾಯಿಗೆ ಭಯ ಮಿತಿಮೀರಿದ್ರೆ ಏನು ಮಾಡುತ್ತೆ ಗೊತ್ತಾ? ಓಡೋಕೆ ದಾರಿ ಇಲ್ಲ, ಬಚ್ಚಿಡೋಕೆ ಜಾಗ ಇಲ್ಲ... ತಿಂದುಬಿಡುತ್ತೆ. ಹೌದಮ್ಮ, ಮುಖ ಕಿವುಚಬೇಡ. ತನ್ನ ಮರೀನ ತಾನೇ ತಿಂದುಬಿಡುತ್ತೆ.

"ಆಮೇಲೆ ಹೊಸದಾಗಿ ಒಬ್ರು ಡಾಕ್ಟರಮ್ಮ ಬಂದ್ರು, ಪ್ರಾಣಿ ವೈದ್ಯೆ. ಗಟ್ಟಿ ಹೆಂಗಸು. ಕೋಣೇಲಿ ಕೂತು ಕೂತು ನೋಡಿದ್ರು. ಇಲಿಗೆ ಗಂಡಸಿನ ಮೈವಾಸನೆ ಅಂದ್ರೇನೇ ದಿಗಿಲು, ಅದರಲ್ಲೂ ಈ ಮನುಷ್ಯನ ವಾಸನೆ ಬಂದ್ರೆ ಸಾಕು ಇಡೀ ಕೋಣೆ ಮರಗಟ್ಟಿಹೋಗುತ್ತೆ ಅಂದ್ರು. ಮೇಸ್ತ್ರೀನ ಅಲ್ಲಿಂದ ಕಿತ್ತು ಪೆಟ್ಟಿಗೆ ತೊಳೆಯೋ ವಿಭಾಗಕ್ಕೆ ಹಾಕಿದ್ರು. ಸೀನಿಯರ್‌ಗೆ ಮಾತ್ರ ನೀಲಿ ಟೋಪಿ, ಉಳಿದೋರಿಗೆಲ್ಲ ಬಿಳಿ. ಆ ನೀಲಿ ಟೋಪಿ ನನ್ನ ತಲೆಗೆ ಬಂತು.

"ನೋಡಿ, ಜೀವಮಾನ ಎಲ್ಲ ಅದೇ ಕೋಣೇಲಿ ಸವೆಸಿದ ಗಂಡಸಿಗೆ 'ನೀನು ನಾರ್ತೀಯ, ಇಲಿ ಕೂಡ ನಿನ್ನ ಸೇರಲ್ಲ' ಅಂದ ಹಾಗಾಯ್ತು. ಕ್ಯಾಂಟೀನಿಗೆ ಅವನು ಬಂದ್ರೆ ಹುಡುಗೀರು ಮೂಗು ಮುಚ್ಕೊಂಡು ಕಿಸಕ್ ಅನ್ನೋರು. ನಾನೂ ನಕ್ಕಿದೀನಿ. ಅಯ್ಯೋ ಪಾಪ ಅಂತ ನನ್ನ ಬಾಯಲ್ಲಿ ಹೇಳಿಸೋಕೆ ನೋಡ್ಬೇಡಿ, ಹೇಳಲ್ಲ. ಅವನ ಕೈಯಲ್ಲಿ ಒದ್ದಾಡಿದ ಪ್ರಾಣಿಗಳನ್ನ ನೋಡಿದೋಳು ನಾನು.

"ತೊಳೆಯೋ ಕಡೆಗೂ ನಮ್ಮ ಕಡೆಗೂ ಮಧ್ಯೆ, ಹಜಾರದ ಗೋಡೇಲಿ ಒಂದು ಗಾಜು ಇತ್ತು. ಹಬೆ ತುಂಬಿರೋ ಆ ಕಡೆ ನಿಂತ್ಕೊಂಡು, ಗಾಜು ಒರೆಸಿ ಒರೆಸಿ ನನ್ನನ್ನೇ ನೋಡ್ತಿದ್ದ. ಒಂದು ದಿನ ಆ ಕಡೆಯಿಂದ ಫೋನು ಮಾಡ್ದ. 'ಆ ಟೋಪಿ ನಂದು, ಆ ಕೋಣೆ ನಂದು. ನೀನು ಒಳಗಿರೋ ತನಕ ಅಲ್ಲಿ ಯಾವ ತಾಯೀನೂ ಮರಿ ಸಾಕಲ್ಲ, ನೋಡ್ತಿರು' ಅಂದ. 'ಮೊದ್ಲು ಹೋಗಿ ಮೈತಿಕ್ಕಿ ಸ್ನಾನ ಮಾಡು' ಅಂತ ಹೇಳಿ ಫೋನು ಕುಕ್ಕಿದೆ."

ಟೈಲರ್ ಗೊಳ್ಳೆಂದು ನಕ್ಕ. ಅಜ್ಜಿ ಅವನನ್ನು ನೋಡಿದ ರೀತಿಗೆ ನಗು ಅರ್ಧಕ್ಕೇ ನಿಂತಿತು.

"ನಗು, ನಗು. ನಾನೂ ಆವತ್ತು ಹೀಗೇ ನಕ್ಕಿದ್ದೆ. ಆಮೇಲೆ ಬಂದ ಭಾನುವಾರ ನನಗೆ ರಜ. ತೊಳೆಯೋ ಕಡೆ ಅವನೊಬ್ಬನೇ. ಆ ಬಿಸಿ, ಆ ಹಬೆ, ಅವನ ವಯಸ್ಸು... ಎದೆ ಹಿಡ್ಕೊಂಡು ಕುಸಿದಿದಾನೆ. ಎದೆ ನೋವು ಬಂದ ಮನುಷ್ಯ ಎಲ್ಲಿಗೆ ಹೋಗ್ತಾನೆ ಹೇಳಿ? ಹೊರಬಾಗಿಲಿಗೆ, ಜನ ಇರೋ ಕಡೆಗೆ. ಅಲ್ವಾ? ಇವನು ಹೋಗಿರಲಿಲ್ಲ. ನೆಲದ ಮೇಲೆ ತೆವಳ್ಕೊಂಡು ತೆವಳ್ಕೊಂಡು ಮರಿಕೋಣೆ ಕಡೆಗೆ ಬಂದಿದ್ದ! ಮೊದಲನೇ ಬಾಗಿಲು ದಾಟಿ ಆಗಿತ್ತು. ಮಧ್ಯಾಹ್ನ ಡಾಕ್ಟರಮ್ಮ ಬಂದು ನೋಡ್ದಾಗ ಜೀವ ಹೋಗಿತ್ತು, ಎರಡನೇ ಬಾಗಿಲಿನ ಹಿಡಿ ಅವನ ಮುಷ್ಟೀಲಿತ್ತು. ಬೆರಳು ಬಿಡಿಸೋಕೆ ಇಬ್ಬರು ಬೇಕಾದ್ರಂತೆ. ಬಿಡಿಸಿದ ಮೇಲೆ, ಆ ಬಾಗಿಲು ತಾನಾಗೇ ಒಳಕ್ಕೆ ತೆರ್ಕೊಂಡಿತಂತೆ... ಗಾಳಿಗೆ ಅಂದ್ರು. ಆ ಕೋಣೇಲಿ ಗಾಳಿ ಒಳಗಿಂದ ಹೊರಗೆ ತಳ್ಳುತ್ತೆ, ಹೊರಗಿಂದ ಒಳಗಲ್ಲ. ನನಗೆ ಗೊತ್ತಿಲ್ವಾ?

"ಮಾರನೇ ಬೆಳಿಗ್ಗೆ ಹೋಗಿ ಮೊದಲನೇ ಪೆಟ್ಟಿಗೆ ಎಳೆದೆ. ಗೂಡು ಖಾಲಿ. ಹತ್ತಿಗೆ ಕೆಂಪು ಹತ್ತಿತ್ತು. ತಾಯಿ ಮೂಲೇಲಿ ಮುದುಡ್ಕೊಂಡು ಕೂತಿತ್ತು. ಪಕ್ಕದ್ದು ಎಳೆದೆ, ಅದೂ ಹಾಗೇ. ಆ ಸಾಲು ಪೂರ್ತಿ ಹಾಗೇ. ಶನಿವಾರ ನಾನು ಹೊರಡೋವಾಗ ಬಿಳಿ ಚುಕ್ಕೆ ಇಟ್ಕೊಂಡು ಮಲಗಿದ್ದ ಮರಿಗಳು... ಡಾಕ್ಟರಮ್ಮ ಕಾಳು ಬದಲಾಯಿಸಿದ್ರು, ನೀರು ಬದಲಾಯಿಸಿದ್ರು. ಎಲ್ಲಾದ್ರೂ ಮೋಟರು ಅದುರುತ್ತಾ ಅಂತ ಗೋಡೆಗೆ ಯಂತ್ರ ಇಟ್ಟು ನೋಡಿದ್ರು. ಮೇಸ್ತ್ರಿಯ ಹಳೇ ಗೌನು, ರಬ್ಬರ್ ಚಪ್ಪಲಿ, ಎಲ್ಲ ಹುಡುಕಿ ಸುಟ್ಟು ಹಾಕ್ಸಿದ್ರು. ಗಂಡಸರು ಆ ಹಜಾರಕ್ಕೇ ಕಾಲಿಡಬಾರದು ಅಂದ್ರು. ಆದ್ರೂ ದಿನಾ ಒಂದು ಸಾಲು ಹೋಗೋದು. ಲ್ಯಾಬಲ್ಲಿ ನನ್ನ ಕಂಡ್ರೆ ಜನ ಗುಸುಗುಸು ಅನ್ನೋಕೆ ಶುರು ಮಾಡಿದ್ರು. ಮೇಸ್ತ್ರಿ ಕಾಲವೇ ಎಷ್ಟೋ ವಾಸಿ ಇತ್ತು, ಈಯಮ್ಮ ಕೈಯಿಟ್ಟ ಮೇಲೆ ನಾಶ ಆಯ್ತು ಅಂತ. ಅವನು ಹೇಳಿದ ಮಾತು ಅವರ ಬಾಯಲ್ಲಿ!

"ಒಂದು ಮಧ್ಯಾಹ್ನ ನಾನೂ ಡಾಕ್ಟರಮ್ಮನೂ ಕೋಣೆಯ ಕೊನೇ ತುದೀಲಿದ್ವಿ. ನನ್ನ ಅಂಗೈಯಲ್ಲಿ ಒಂದು ಬಸುರಿ ಇಲಿ, ಆರಾಮಾಗಿ ಮೀಸೆ ಉಜ್ಕೋತಾ ಕೂತಿತ್ತು. ಬಾಗಿಲ ಪಕ್ಕದ ಮೊದಲನೇ ಸ್ಟ್ಯಾಂಡು ಇದ್ದಕ್ಕಿದ್ದ ಹಾಗೆ ಸುಮ್ಮನಾಯ್ತು. ಸದ್ದು ಕತ್ತರಿಸಿ ತೆಗೆದ ಹಾಗೆ. ನಾವು ಮಾತು ನಿಲ್ಲಿಸಿದ್ವಿ. ಆಮೇಲೆ ಎರಡನೇ ಸ್ಟ್ಯಾಂಡು ಸುಮ್ಮನಾಯ್ತು... ಮೊದಲನೇದರಲ್ಲಿ ಮತ್ತೆ ಮೆಲ್ಲಗೆ ಸರಸರ ಶುರುವಾಯ್ತು. ಆಮೇಲೆ ಮೂರನೇದು ಸುಮ್ಮನಾಯ್ತು, ಎರಡನೇದಕ್ಕೆ ಜೀವ ಬಂತು. ಅರ್ಥ ಆಗ್ತಿದೆಯಾ ನಿಮಗೆ? ಮೌನ ನಡ್ಕೊಂಡು ಬರ್ತಿತ್ತು. ನಮ್ಮ ಕಡೆಗೆ. ಒಂದೊಂದು ಸ್ಟ್ಯಾಂಡಿನ ಮುಂದೂ ಸ್ವಲ್ಪ ಹೊತ್ತು ನಿಲ್ಲೋದು, ಮತ್ತೆ ಮುಂದಕ್ಕೆ. ಬೆಳಿಗ್ಗೆ ಮೇಸ್ತ್ರಿ ರೌಂಡು ಬರ್ತಿದ್ನಲ್ಲ, ಅದೇ ನಡಿಗೆ, ಅದೇ ದರ್ಪ!

"ನಮ್ಮ ಎದುರಿನ ಸ್ಟ್ಯಾಂಡಿಗೆ ಬಂದು ನಿಲ್ತು. ಪೆಟ್ಟಿಗೆಗಳ ಒಳಗೆ ಎಲ್ಲ ತಾಯಿಗಳೂ ಹಿಂಗಾಲ ಮೇಲೆ ಎದ್ದು ನಿಂತು, ಮುಂಗಾಲು ಎದೆಗೆ ಒತ್ಕೊಂಡು, ಒಂದೇ ಕಡೆ ನೋಡ್ತಿದ್ವು. ಮೇಲಕ್ಕೆ. ಎತ್ತರದ ಆಳು ಅಲ್ಲಿ ನಿಂತಿದ್ರೆ ಅವನ ಮುಖ ಎಲ್ಲಿರಬೇಕೋ, ಸರಿಯಾಗಿ ಅಲ್ಲಿಗೆ. ಆಮೇಲೆ ಒಂದು ತಾಯಿ ನಿಧಾನಕ್ಕೆ ತಿರುಗಿ, ಗೂಡಿಗೆ ಹೋಗಿ, ಒಂದು ಮರೀನ ಬಾಯಲ್ಲಿ ಎತ್ಕೊಂಡು... ಬೇಡ ಬಿಡಿ. ಡಾಕ್ಟರಮ್ಮ ಗೋಡೆಗೆ ಆನಿಕೊಂಡು ಕಣ್ಣು ಮುಚ್ಕೊಂಡ್ರು.

"ನನಗೆ ಭಯ ಆಗಲಿಲ್ಲ. ಸಿಟ್ಟು ಬಂತು! ನೆತ್ತಿಗೇರಿದ ಸಿಟ್ಟು. ಮಾಸ್ಕು ಕಿತ್ತೆಸೆದು ಕೂಗಾಡಿದೆ. 'ಏನೋ ಮೇಸ್ತ್ರಿ, ಸತ್ತ ಮೇಲೂ ಡ್ಯೂಟೀಗೆ ಬಂದ್ಯಾ? ಈ ಬಾಯಿಲ್ಲದ ಪ್ರಾಣಿಗಳ ಮೇಲೆ ಏನು ಪೌರುಷ ತೋರಿಸ್ತೀಯೋ? ನಿನ್ನ ಟೋಪಿ ಹಾಕ್ಕೊಂಡೋಳು ನಾನು. ಗಂಡಸಾಗಿದ್ರೆ ನನ್ನ ಜೊತೆ ಬಾರೋ!' ಅಂದೆ. ಡಾಕ್ಟರಮ್ಮ 'ಬೇಡ, ಬೇಡ' ಅಂತ ನನ್ನ ತೋಳು ಹಿಡ್ಕೊಂಡ್ರು. ಎದುರಿನ ಸ್ಟ್ಯಾಂಡಲ್ಲಿ ಸದ್ದು ವಾಪಸ್ ಬಂತು. ಎಲ್ಲ ಸ್ಟ್ಯಾಂಡಲ್ಲೂ ಬಂತು. ಅಂದ್ರೆ ಅವನು ಯಾವ ಸ್ಟ್ಯಾಂಡಿನ ಮುಂದೂ ಇಲ್ಲ. ಹಾಗಾದ್ರೆ ಎಲ್ಲಿದಾನೆ? ಆಗ ನನ್ನ ಅಂಗೈಯಲ್ಲಿದ್ದ ಬಸುರಿ ಇಲಿ ಸೆಟೆದುಕೊಳ್ತು. ಅದರ ಎದೆ ನನ್ನ ಬೆರಳಿಗೆ ಪಟಪಟ ಅಂತ ಬಡೀತಾ ಬಡೀತಾ... ನಿಂತೇಹೋಯ್ತು. ನನ್ನ ಕತ್ತಿನ ಹಿಂದೆ ತಂಬಾಕು, ಒದ್ದೆ ರಬ್ಬರು ವಾಸನೆ, ಮೇಸ್ತ್ರಿ ಮೈದೇ. ನಾನು ತಿರುಗಿ ನೋಡಲಿಲ್ಲ."

ಅಜ್ಜಿ ಮಾತು ನಿಲ್ಲಿಸಿ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು. ಕೆಳಗೆ ನೀರು ಯಾವುದೋ ಪಾತ್ರೆಯನ್ನು ಗೋಡೆಗೆ ತಂದು ತಂದು ಬಡಿಯುತ್ತಿತ್ತು. ನನ್ನ ಹೆಂಡತಿ ನನ್ನ ಕಡೆಗೆ ಸ್ವಲ್ಪ ಸರಿದು ಕೂತಳು.

"ಆಗ ನನ್ನ ಮಗಳು ಮೊದಲನೇ ಹೆರಿಗೆ ಮುಗಿಸಿಕೊಂಡು ನಮ್ಮ ಮನೇಲಿದ್ಲು. ನನ್ನ ಯಜಮಾನರಿಗೆ ಗಡಿಯಾರ ರಿಪೇರಿ ಕೆಲಸ, ಮನೇಲೇ ಕೂತು ಮಾಡೋರು. ಗಂಡು ಮಗು. ನಾನು ಬಾಗಿಲು ತೆಗೆದ ಸದ್ದಿಗೇ ಕೈಕಾಲು ಬಡಿದು ಕೇಕೆ ಹಾಕೋದು. ಆವತ್ತು ಸಂಜೆ ಬಾಗಿಲು ತೆಗೆದೆ. ಕೇಕೆ ಹಾಕ್ತಿದ್ದ ಮಗು ಗಪ್ಪಂತ ನಿಲ್ಲಿಸಿಬಿಡ್ತು. ಅಳಲಿಲ್ಲ. ಅತ್ತಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಮುಷ್ಟಿ ಬಿಗಿಹಿಡಿದು, ಉಸಿರು ಬಿಗಿಹಿಡಿದು, ನನ್ನ ಕಡೆ ನೋಡ್ತು... ನನ್ನ ಮುಖಾನಲ್ಲ. ನನ್ನ ತಲೆಗಿಂತ ಒಂದು ಗೇಣು ಮೇಲೆ.

"'ಯಾಕಮ್ಮ, ಯಾರಾದ್ರೂ ಬಂದಿದಾರಾ?' ಅಂದ್ಲು ಮಗಳು, ನನ್ನ ಹಿಂದೆ ಇಣುಕಿ ನೋಡ್ತಾ. ಯಾರೂ ಇಲ್ಲ ಅಂದೆ. ಅವಳ ಮೂಗಿನ ಹೊಳ್ಳೆ ಅಗಲ ಆಗೋದು, ಮುಚ್ಚೋದು ಮಾಡ್ತಿತ್ತು. ಆ ರಾತ್ರಿ ಅವಳು ಮಲಗಲಿಲ್ಲವಂತೆ, ಮಗು ಮೇಲೆ ಕವುಚ್ಕೊಂಡು ಕೂತೇ ಇದ್ಲಂತೆ. ಬೆಳಿಗ್ಗೆ ನನಗೆ ಹೇಳಲಿಲ್ಲ. ಬಾಣಂತಿ ನಿದ್ದೆಗೆಟ್ಟಿದಾಳೆ ಅಂದ್ಕೊಂಡು ನಾನು ಕೆಲಸಕ್ಕೆ ಹೋದೆ. ಲ್ಯಾಬಲ್ಲಿ ಆ ದಿನ ಮರಿಗಳು ನೆಮ್ಮದಿಯಾಗಿದ್ವು. ನಾನು ಹತ್ತಿರ ಹೋಗೋ ತನಕ. ನಾನು ಯಾವ ಸಾಲಿಗೆ ಹೋದ್ರೆ ಆ ಸಾಲು ಸುಮ್ಮನಾಗೋದು. ಅವನು ಕೋಣೇಲಿರಲಿಲ್ಲ. ನನ್ನ ಬೆನ್ನಿಗಿದ್ದ. ಬಾ ಅಂತ ನಾನೇ ಕರೆದಿದ್ದೆನಲ್ಲ, ಬಂದಿದ್ದ! ಅದು ತಲೆಗೆ ಹೊಳೆದ ಕೂಡಲೇ ಮನೆ ಕಡೆ ಓಡಿದೆ. ಓಡಿ ಏನು ಮಾಡ್ದಂಗಾಯ್ತು? ಅವನನ್ನೇ ಮನೆಗೆ ಇನ್ನೊಂದು ಸಲ ಕರ್ಕೊಂಡು ಹೋದಂಗಾಯ್ತು.

"ಮನೆ ಬಾಗಿಲು ತೆಗೆದೇ ಇತ್ತು. ಯಜಮಾನರು ಹಾಲು ತರೋಕೆ ಹೋಗಿದ್ರು. ನಡುಮನೇಲಿ ಮಗಳಿಲ್ಲ. ರೂಮಿಗೆ ಹೋದೆ. ಬೀರುವಿಗೂ ಗೋಡೆಗೂ ಮಧ್ಯೆ ಒಂದಾಳು ಹಿಡಿಯೋಷ್ಟು ಸಂದು ಇತ್ತು. ಆ ಸಂದೀಲಿ ಕೂತಿದ್ಲು. ಹಾಸಿಗೆ ಹರಿದು, ದಿಂಬು ಹರಿದು, ಹತ್ತಿ ಎಲ್ಲ ಎಳೆದೆಳೆದು ಸುತ್ತ ಗುಡ್ಡೆ ಹಾಕ್ಕೊಂಡು... ಮಧ್ಯೆ ಮಗು. ನನ್ನ ಮಗಳು ಓದಿದ ಹುಡುಗಿ, ನಗುನಗುತ್ತಾ ಇದ್ದ ಹುಡುಗಿ. ಅವಳ ಕಣ್ಣು ಒಂದೇ ಸಮ ನನ್ನ ತಲೆ ಮೇಲೆ ನೆಟ್ಟಿತ್ತು. ಮಗೂನ ಪುಟ್ಟ ಕೈ ಅವಳ ಬಾಯೊಳಗಿತ್ತು. ಮಣಿಕಟ್ಟಿನ ತನಕ.

"'ಬಿಡೇ ಅದನ್ನ' ಅಂದೆ. ಹಲ್ಲು ಸಡಿಲ ಮಾಡದೇನೇ ಮಾತಾಡಿದ್ಲು. 'ಅಮ್ಮ, ಅಲ್ಲೇ ನಿಲ್ಲು. ಅವನನ್ನ ಒಳಗೆ ಕರ್ಕೊಂಡು ಬರ್ಬೇಡ. ಒಂದು ಹೆಜ್ಜೆ ಇಟ್ರೂ ಇವನನ್ನ ಉಳಿಸ್ಕೊಳ್ಳೋಕೆ ನನ್ನ ಹತ್ರ ಬೇರೆ ಜಾಗ ಇಲ್ಲಮ್ಮ...' ಅಂದ್ಲು. ಕಣ್ಣಲ್ಲಿ ನೀರು ಧಾರಾಕಾರ. ತನಗೆ ಏನಾಗ್ತಿದೆ ಅಂತ ಅವಳಿಗೆ ಗೊತ್ತಿತ್ತು, ನಿಲ್ಲಿಸೋಕೆ ಆಗ್ತಿರಲಿಲ್ಲ.

"ನಾನು ಹಿಂದಕ್ಕೆ ಹೆಜ್ಜೆ ಇಟ್ಟೆ. ಹೆತ್ತ ಮಗಳು ಅಲ್ಲಿ ಹಾಗೆ ಕೂತಿದ್ರೆ ಬೆನ್ನು ಹಾಕಿ ಹೋಗೋದು ಏನು ಅಂತ ನಿಮಗೆ ಗೊತ್ತಾ? ರೂಮು ದಾಟಿ, ನಡುಮನೆ ದಾಟಿ, ಬೀದಿಗೆ ಬಂದು, ಬೀದಿ ಕೊನೇ ದೀಪದ ಕಂಬದ ತನಕ ಹೋದೆ. ಅಲ್ಲಿಂದ ಕೇಳ್ತು, ಮಗು ಅಳು. ಆಹಾ... ಅಳು ಅಷ್ಟು ಸಿಹಿಯಾಗಿ ಯಾವತ್ತೂ ಕೇಳಿರಲಿಲ್ಲ ನಾನು. ಯಜಮಾನರು ಹಾಲು ಹಿಡ್ಕೊಂಡು ಬರ್ತಿದ್ರು. ಹತ್ತಿರ ಬರ್ಬೇಡಿ ಅಂತ ದೂರದಿಂದಲೇ ಕೂಗಿದೆ. 'ಅವಳನ್ನ ಈಗ್ಲೇ ಅತ್ತೆ ಮನೆಗೆ ಕರ್ಕೊಂಡು ಹೋಗಿ, ನಾನು ಕರೆಯೋ ತನಕ ಬರ್ಬೇಡಿ' ಅಂದೆ. 'ನಿನಗೆ ಹುಚ್ಚೇನೇ?' ಅಂದ್ರು. ಮನೆಯೊಳಗೆ ಹೋಗಿ ನೋಡಿದ ಮೇಲೆ ಆಗಿಂದಾಗ್ಲೇ ಇಬ್ಬರನ್ನೂ ಕರ್ಕೊಂಡು ಹೊರಟ್ರು ಪಾಪ. ಮಗೂನ ಕೈಯಲ್ಲಿ ಹಲ್ಲಿನ ಗುರುತು ಬಹಳ ದಿನ ಇತ್ತು.

"ಡಾಕ್ಟರಮ್ಮನ ಹತ್ರ ಹೋಗಿ ಕೋಣೆ ಖಾಲಿ ಮಾಡ್ಸಿ ಅಂದೆ. ಅವರೇನೂ ಕೇಳಲಿಲ್ಲ, ಕಣ್ಣಾರೆ ನೋಡಿದ್ರಲ್ಲ. ಮೇಲಿನವರಿಗೆ ಏನೋ ರೋಗದ ಹೆಸರು ಹೇಳಿ ಎಲ್ಲ ಪೆಟ್ಟಿಗೆನೂ ಬೇರೆ ವಿಭಾಗಕ್ಕೆ ಸಾಗಿಸಿದ್ರು. ನಾನು ಮಾತ್ರ ಒಂದು ಇಲಿ ಇಟ್ಕೊಂಡೆ. ಕಿವಿ ಹರಿದಿದ್ದ ಒಂದು ಮುದುಕಿ ಇಲಿ, ಹೆರೋದು ಯಾವತ್ತೋ ನಿಂತಿತ್ತು. ಅದನ್ನ ಒಂದು ಸಣ್ಣ ಡಬ್ಬೀಲಿ ಹಾಕ್ಕೊಂಡು ಒಳಗೆ ಹೋದೆ. ಯಾಕೆ ಅಂತೀರಾ? ಖಾಲಿ ಕೋಣೇಲಿ ಅವನು ಎಲ್ಲಿದಾನೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನನ್ನ ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳಲ್ಲ. ಅದಕ್ಕೆ ಗೊತ್ತಾಗುತ್ತೆ.

"ಬರೀ ಸ್ಟ್ಯಾಂಡುಗಳು, ಒಂದೂ ಪೆಟ್ಟಿಗೆ ಇಲ್ಲ. ಡಬ್ಬೀಲಿ ಮುದುಕಿ ಕಲ್ಲಿನ ಥರ ಕೂತಿತ್ತು, ಅಂದ್ರೆ ಪಕ್ಕದಲ್ಲೇ ಇದಾನೆ. ನೀಲಿ ಟೋಪಿ ತೆಗೆದು, ಮೊದ್ಲು ಅವನು ನೇತುಹಾಕ್ತಿದ್ದ ಮೊಳೆಗೇ ನೇತುಹಾಕಿದೆ. 'ತಗೋ' ಅಂದೆ. 'ಇದಕ್ಕೇ ತಾನೇ ಬಾಯಿ ಬಿಡ್ತಿದ್ದೆ? ನಾಳೆಯಿಂದ ನಾನು ತೊಳೆಯೋ ಕಡೆ ಹೋಗ್ತೀನಿ, ಬರೆದು ಕೊಟ್ಟಾಯ್ತು. ಟೋಪಿ ನಿಂದು, ಕೋಣೆ ನಿಂದು. ಇಲ್ಲೇ ಸಾಯಿ' ಅಂದೆ. ಸತ್ತೋನಿಗೆ ಸಾಯಿ ಅಂದೆ, ಇನ್ನೇನು ಅನ್ನಲಿ? ಕಷ್ಟಪಟ್ಟು ಸಂಪಾದಿಸಿದ ಟೋಪಿ ಅದು. ಅವನ ಕಾಲಿಗೆ ಬೀಳೋದೂ ಒಂದೇ, ಅದನ್ನ ಬಿಚ್ಚೋದೂ ಒಂದೇ ನನಗೆ. ಹೊಟ್ಟೆ ಉರೀತಿತ್ತು. ಆಮೇಲೆ ಹಿಂದು ಹಿಂದಕ್ಕೆ ನಡೀತಾ ಬಾಗಿಲಿಗೆ ಬಂದೆ, ಡಬ್ಬಿ ಮೇಲೇ ಕಣ್ಣು. ಮುದುಕಿ ಅಲುಗಾಡ್ತಿಲ್ಲ. ಒಳಗಿನ ಬಾಗಿಲು ದಾಟಿ ಮುಚ್ಚಿದೆ. ಅಲುಗಾಡ್ತಿಲ್ಲ. ಎರಡು ಬಾಗಿಲ ಮಧ್ಯೆ, ನಿಲ್ಲೋಕೆ ಮಾತ್ರ ಜಾಗ ಇರೋ ಕಡೆ, ಅದೂ ನಾನೂ ಇಬ್ಬರೇ... ಇಬ್ಬರೇನಾ? ಹೊರಬಾಗಿಲು ತೆಗೆಯೋಕೆ ಕೈ ಬರಲಿಲ್ಲ. ತೆಗೆದ್ರೆ ನನ್ನ ಹಿಂದೇನೇ ಬಂದ್ರೆ? ಅಲ್ಲೇ ಕೂತುಬಿಟ್ಟೆ. ಬೇಕಾದ್ರೆ ಇಲ್ಲೇ ಒಣಗಿ ಹೋಗ್ತೀನಿ, ನಿನ್ನ ಮಾತ್ರ ಹೊರಗೆ ಬಿಡಲ್ಲ ಅಂತ ಕೂತೆ. ಕೂತೂ ಕೂತೂ ಕಾಲು ಜೋಮು ಹಿಡೀತು. ಆಗ ಮುದುಕಿ ಒಂದು ಸಲ ಮೂಗು ಅಲುಗಾಡಿಸ್ತು. ಮುಂಗಾಲು ಎತ್ತಿ ಮೀಸೆ ಉಜ್ಕೊಳ್ತು. ಹರಿದ ಕಿವಿ ತೊಳ್ಕೊಳ್ತು. ನಾನು ಎದ್ದು, ಒಳಬಾಗಿಲಿಗೆ ಜಾಡಿಸಿ ಒಂದು ಒದ್ದೆ. ಹೊರಗೆ ಬಂದು ಬೀಗ ಜಡಿದೆ."

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟ ಸದ್ದು ಮೊಗಸಾಲೆಯಲ್ಲಿ ಕೇಳಿಸಿತು.

"ಮಗಳು ವಾಪಸ್ ಬಂದ್ಲು. ಮಗು ನನ್ನ ಮುಖ ನೋಡಿ ನಕ್ತು, ನನ್ನ ಮುಖಾನೇ. ನಾನು ಕೊನೇ ತನಕ ಪೆಟ್ಟಿಗೆ ತೊಳೆದು ರಿಟೈರಾದೆ. ಆಮೇಲೆ ಲ್ಯಾಬಿನವರು ಊರಾಚೆ ಹೊಸ ಕಟ್ಟಡ ಕಟ್ಕೊಂಡು ಹೋದ್ರು."

"ಅಲ್ಲಿಗೆ ಪೀಡೆ ತೊಲಗಿತಲ್ಲ ಅಜ್ಜಿ," ಎಂದರು ಟೀಚರ್.

"ತೊಲಗಿತಾ? ಹಳೇ ಕಟ್ಟಡ ಏನಾಯ್ತು ಅಂತ ಕೇಳಿದ್ರಾ ಯಾರಾದ್ರೂ?" ಅಜ್ಜಿಯ ದನಿ ಗಡಸಾಯಿತು. "ಆಸ್ಪತ್ರೆಯವರು ಕೊಂಡ್ಕೊಂಡ್ರು. ಮೊನ್ನೆ ಮೊನ್ನೆ ಮಂಡಿ ನೋವು ತೋರಿಸೋಕೆ ಹೋದೋಳು ದಾರಿ ತಪ್ಪಿ ಒಂದು ಹಜಾರಕ್ಕೆ ಹೋದೆ. ಗೋಡೆಗೆ ಬಣ್ಣ ಬಳಿದಿದಾರೆ, ಮೊಲ, ಬಾತುಕೋಳಿ ಬರೆದಿದಾರೆ. ಆದ್ರೆ ಆ ಎರಡು ಬಾಗಿಲು ಅವೇ. ಕಿಟಕಿ ಇಲ್ಲ, ಧೂಳಿಲ್ಲ, ಗಾಳಿ ಸೋಸೋ ಯಂತ್ರ ಮೊದಲೇ ಕೂರಿಸಿದೆ... ಈಗ ತಾನೇ ಹುಟ್ಟಿದ ಮಕ್ಕಳನ್ನ ಇಡೋಕೆ ಇದಕ್ಕಿಂತ ಒಳ್ಳೇ ಜಾಗ ಸಿಗುತ್ತಾ? ಗೋಡೆ ಒಡೆದು ಗಾಜು ಹಾಕಿದಾರೆ, ಹೊರಗಿಂದ ನೋಡೋಕೆ. ಸಾಲು ತೊಟ್ಟಿಲು, ಸಾಲು ಮಕ್ಕಳು, ಎಲ್ಲ ಒಟ್ಟಿಗೆ ಅಳ್ತಿದ್ವು. ನಾನು ನಿಂತು ನೋಡ್ತಿದ್ದೆ. ಬಾಗಿಲ ಪಕ್ಕದ ತೊಟ್ಟಿಲಲ್ಲಿ ಅಳು ನಿಂತುಹೋಯ್ತು. ಆಮೇಲೆ ಅದರ ಪಕ್ಕದ್ದರಲ್ಲಿ. ಆಮೇಲೆ ಅದರ ಪಕ್ಕದ್ದರಲ್ಲಿ...

"ಅಲ್ಲಿದ್ದ ನರ್ಸು ನನ್ನ ನೋಡಿ ನಕ್ಳು. 'ನೋಡಿ ಅಜ್ಜಿ, ನಮ್ಮ ವಾರ್ಡಿನ ಮಕ್ಕಳು ಎಷ್ಟು ಒಳ್ಳೇವು, ತಮ್ಮಷ್ಟಕ್ಕೆ ತಾವೇ ಸುಮ್ಮನಾಗ್ತವೆ' ಅಂದ್ಲು. ನಾನು ಕೂಗಾಡಿದೆ. ವಾಚ್‌ಮನ್ ಬಂದು ರಟ್ಟೆ ಹಿಡಿದು ಹೊರಗೆ ಬಿಟ್ಟ. ವಾರ್ಡು ನಡೀತಾನೇ ಇದೆ. ಈಗ್ಲೂ, ಈ ಮಳೇಲೂ."

"ಯಾವ ಆಸ್ಪತ್ರೆ?" ಎಂದಳು ನನ್ನ ಹೆಂಡತಿ. ಅವಳ ದನಿ ನನಗೇ ಗುರುತು ಸಿಗಲಿಲ್ಲ.

ಅಜ್ಜಿ ಎದ್ದು ಸ್ಟೂಲು ಕೈಗೆ ತೆಗೆದುಕೊಂಡರು. ಅಲ್ಲಿ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು, ಇಬ್ಬರ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಣ್ಣು ನಿಲ್ಲಿಸಿದರು.

"ಹೆಸರು ಹೇಳಲ್ಲ. ನಿಮ್ಮಲ್ಲಿ ಇಬ್ಬರು ಹೆತ್ತಿದ್ದು ಅಲ್ಲೇ. ಅಲ್ಲಿಂದ ಬರೋವಾಗ ಮಗು ಒಂದನ್ನೇ ಮನೆಗೆ ತಂದ್ರೋ ಇಲ್ವೋ... ಅದು ನಿಮಗೇ ಗೊತ್ತು."